ಡಾಕ್ಟರು ಹೇಳಿದ್ದನ್ನು ನಾನು ಹೇಳಲಿಲ್ಲ

ಗಿರಿಜಾ, ಅವತ್ತು ನಾನು ಸುಳ್ಳು ಹೇಳಿದ್ದು ನಿನ್ನ ಮಾನ ಕಾಯಲಿಕ್ಕಲ್ಲ. ಬಿಸಿಲಿನ ಕೆಲಸವೆಲ್ಲ ನನ್ನೊಬ್ಬಳ ತಲೆಗೇ ಬೀಳುತ್ತದಲ್ಲ ಎಂದು — ಅಷ್ಟೇ.

ನೀನು ಸಂಪಗಾಂವದ ನಮ್ಮ ಮನೆಗೆ ಕಿರಿಸೊಸೆಯಾಗಿ ಬಂದ ಮೊದಲ ಬೇಸಿಗೆ. ನಿನ್ನ ಮೂಗು, ಕೆನ್ನೆಗಳ ಮೇಲೆ ಕೆಂಪು ಹರಡಿತ್ತು, ಕೀಲುಗಳು ನೋಯುತ್ತಿದ್ದವು. ಹಿರಿಸೊಸೆ ನಾನೇ ನಿನ್ನನ್ನು ಬೆಳಗಾವಿಗೆ ಕರೆದೊಯ್ದೆ. ಡಾಕ್ಟರು ಲೂಪಸ್ ಅಂದರು — ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ರೋಗವಂತೆ. ಬಿಸಿಲು ತಾಗಿದರೆ ಕೆರಳುತ್ತದೆ, ಚರ್ಮಕ್ಕಷ್ಟೇ ಅಲ್ಲ, ಒಳಗಿನ ಅಂಗಗಳಿಗೂ ಪೆಟ್ಟು ಬೀಳಬಹುದು ಎಂದು ಇಬ್ಬರಿಗೂ ಬಿಡಿಸಿ ಹೇಳಿದರು.

ಮನೆಗೆ ಬಂದಾಗ ಅತ್ತೆ ಕೇಳಿದರು, "ಡಾಕ್ಟರು ಏನಂದ್ರವಾ?"

ಮರುದಿನದಿಂದ ಶಾವಿಗೆ ಶುರುವಾಗುವುದಿತ್ತು. ಮಾಳಿಗೆಯ ಮೇಲೆ ಕೋಲುಗಳಿಗೆ ಇಳಿಬಿಟ್ಟು, ಮಧ್ಯಾಹ್ನದ ಉರಿಯಲ್ಲಿ ಕಾಯುತ್ತ ಒಣಗಿಸಬೇಕು. ನಾನೊಬ್ಬಳೇ ಹೇಗೆ...

"ಏನಿಲ್ರಿ ಅತ್ತಿ, ಮೈಯಾಗ ರಕ್ತ ಕಡಿಮಿ ಐತಂತ," ಅಂದೆ.

ನೀನು ನನ್ನ ಮುಖ ನೋಡಿದೆ. ಮೂರು ದಿನ ನನ್ನ ಜೊತೆ ಮಾಳಿಗೆ ಹತ್ತಿದೆ. ನೀನು ಸೆರಗನ್ನು ಮುಖದ ಮೇಲೆಳೆದುಕೊಂಡಾಗ, "ಯಾಕವಾ, ಬಣ್ಣ ಕೆಡತೈತೇನು?" ಎಂದು ನಾನು ನಕ್ಕೆ ಕೂಡ — ಎಲ್ಲ ಗೊತ್ತಿದ್ದೂ ನಕ್ಕೆ. ನಾಲ್ಕನೆಯ ದಿನ ನಿನಗೆ ಜ್ವರ, ಬಾಯಿತುಂಬ ಹುಣ್ಣು, ಮುಖ ಸುಟ್ಟ ಹಾಗೆ. ಹತ್ತು ದಿನ ನೀನು ಆಸ್ಪತ್ರೆಯಲ್ಲಿದ್ದೆ. ಆಗಲೇ ಮನೆಯವರಿಗೆ ರೋಗ ಗೊತ್ತಾದದ್ದು. ಅತ್ತೆ ಅತ್ತರು, ತಾವೇ ಹೋಗಿ ನಿನಗೊಂದು ಕೊಡೆ ತಂದರು, ಬಿಸಿಲಿನ ಕೆಲಸಕ್ಕೆ ಕೂಲಿಯವಳನ್ನು ಕರೆಸಿದರು. ಎಲ್ಲ ನನ್ನ ತಲೆಗೇ ಬೀಳುತ್ತದೆಂದು ನಾನು ಹೆದರಿದ್ದಕ್ಕೂ ಅರ್ಥವಿರಲಿಲ್ಲ ನೋಡು.

ಕಳೆದ ವರ್ಷ ನನ್ನ ಮೊಣಕಾಲಿನ ಆಪರೇಷನ್ ಆಯಿತು. ಎಬ್ಬಿಸಿ ಕೂರಿಸಿದವಳು, ತಲೆ ಬಾಚಿದವಳು ನೀನು. ಒಂದು ಮಧ್ಯಾಹ್ನ ನಾನು ನೋವು ತಡೆಯಲಾರದೆ ಒದ್ದಾಡುತ್ತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೀನು ತುಂಬುತೋಳಿನ ಕುಬುಸ ತೊಟ್ಟು, ಕೊಡೆ ಹಿಡಿದು, ನನ್ನ ಮಾತ್ರೆ ತರಲು ಬೈಲಹೊಂಗಲಕ್ಕೆ ಹೋಗಿಬಂದೆ. ಮಾರನೆಯ ದಿನ ನಿನ್ನ ಕೆನ್ನೆ ಮತ್ತೆ ಕೆಂಪಾಗಿತ್ತು. ಯಾಕೆ ಹೋದೆ ಎಂದು ನಾನು ಬೈದೆ.

"ಹೊಸದಾಗಿ ಬಂದಾಕಿಗೆ ರೋಗಿಷ್ಟಿ ಅಂತ ಹೆಸರು ಬರಬಾರದಂತ ಅವತ್ತ ನೀವು ಮುಚ್ಚಿದ್ರಿ. ನನ್ನ ಮಾನ ಕಾದ್ರಿ. ಇಷ್ಟೂ ಮಾಡಬಾರದೇನ್ರಿ ಅಕ್ಕಾರ?" ಅಂದೆ ನೀನು.

ಇಷ್ಟು ವರ್ಷ ನೀನು ಹಾಗೆ ತಿಳಿದಿದ್ದೆ! ಅಲ್ಲ ಎನ್ನಬೇಕಿತ್ತು. ನಾನು — ನೀನು ಕೊಟ್ಟ ಮಾತ್ರೆ ನುಂಗಿ ಸುಮ್ಮನೆ ಮಲಗಿದೆ.

ನಿನ್ನಂಥವಳು ಈ ಮನೆಗೆ ಬಂದದ್ದು ನನ್ನ ಪುಣ್ಯ, ಗಿರಿಜಾ. ನನ್ನ ಒಡಹುಟ್ಟಿದವರೂ ನನ್ನನ್ನು ಹೀಗೆ ನೋಡಿಕೊಂಡಿಲ್ಲ. ಈ ಕಾಗದವನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ಎದುರಿಗೇ ಕುಳಿತಿರುತ್ತೇನೆ. ಆಮೇಲೆ ನೀನು ನನ್ನನ್ನು ಅಕ್ಕಾ ಅನ್ನದೆ ಹೋದರೂ ಸರಿಯೇ.