ಕಸದ ಗಾಡಿಯಲ್ಲಿ ಕೈರೋ

ಮೊಬೈಲನ್ನು ಸ್ಟೀಲ್ ಚೊಂಬಿನೊಳಗೆ ಇಳಿಬಿಟ್ಟು ಹಾಡು ಹಾಕಿದರೆ ಸದ್ದಿಗೆ ಮೈ ಬರುತ್ತದೆ. ನಂಬಿಕೆಯಿಲ್ಲದಿದ್ದರೆ ನಿಮ್ಮ ಮನೆಯ ಚೊಂಬಿನಲ್ಲೇ ಪರೀಕ್ಷಿಸಿ, ಮೊದಲು ನೀರು ಚೆಲ್ಲುವುದನ್ನು ಮಾತ್ರ ಮರೆಯಬೇಡಿ. ಮರಳೂರಿನ ನಮ್ಮ ಅಡುಗೆಕಟ್ಟೆಯ ಮೇಲಿನ ಈ ಪುಟ್ಟ ಪಾತ್ರೆಯಿಂದ ಕೈರೋದ ಆಟೊಗಳಲ್ಲಿ ಮೊಳಗುವ ಹಾಡು, ಲಾಗೋಸಿನ ಡೋಲು, ಜಮೈಕಾದ ಬೀದಿಗಳಲ್ಲಿ ಬೀರುವಿನೆತ್ತರಕ್ಕೆ ಪೇರಿಸಿದ ಸ್ಪೀಕರುಗಳ ಗುಡುಗು, ಎಲ್ಲವೂ ಹೊರಬಿದ್ದಿವೆ. ಅಮ್ಮ ಮಾತ್ರ ವಿಭೂತಿಯ ಹಣೆಯನ್ನು ಗಂಟಿಕ್ಕಿ, "ಅದ್ರೊಳಗಿರೋ ದೆವ್ವನ ಓಡ್ಸಿ ಚೊಂಬು ತೊಳ್ದಿಡು, ಪೂಜೆಗೆ ಬೇಕು" ಎನ್ನುತ್ತಾಳೆ.

ನನಗಿರುವ ಚಟ ಇದೊಂದೇ. ಜೆರಾಕ್ಸ್ ಅಂಗಡಿಗೆ ಗಿರಾಕಿ ಬಾರದ ಹೊತ್ತಿನಲ್ಲಿ ದೇಶದೇಶದ ಬೀದಿ ಹಾಡುಗಳನ್ನು ಹೆಕ್ಕಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಹೊಲಿದು ಮಿಕ್ಸ್ ಮಾಡುತ್ತೇನೆ. ಮಾಡಿದ್ದನ್ನು ಕೇಳಿದವರಿಗೂ ಕೇಳದವರಿಗೂ ಕಳಿಸುತ್ತೇನೆ. ನಾನು ಕಳಿಸಿದ ಮರುಗಳಿಗೆಯೇ ಕುಣಿಗಲ್ಲಿನ ಭಾವ ಕೈಮುಗಿದ ಚಿತ್ರ ಹಾಕುತ್ತಾರೆ. ಅಷ್ಟು ಬೇಗ ಕೇಳಲು ದೇವರಿಗೂ ಸಾಧ್ಯವಿಲ್ಲ. ಗುಬ್ಬಿಯಲ್ಲಿರುವ ಕಾಲೇಜು ಗೆಳೆಯ ಗೌಸ್, ಕವ್ವಾಲಿಗೆ ಮದುವೆ ಬ್ಯಾಂಡು ಬೆರೆಸಿದ ತನ್ನದೊಂದು ಮಿಕ್ಸನ್ನು ತಿರುಗಿ ಕಳಿಸುತ್ತಾನೆ. ಅವನು ನನ್ನದನ್ನು ಕೇಳಿದನೋ ಇಲ್ಲವೋ ಹೇಳುವುದಿಲ್ಲ. ನಾನೂ ಅವನದನ್ನು ಪೂರ್ತಿ ಕೇಳಿಲ್ಲ. ಹಾಡು ಹಂಚುವವರ ಪಂಕ್ತಿಯಲ್ಲಿ ಎಲ್ಲರೂ ಬಡಿಸುವವರೇ, ಎಲೆಯ ಮುಂದೆ ಕೂತವರು ಯಾರೂ ಇಲ್ಲ. ನಿಜ ಹೇಳುತ್ತೇನೆ, ಒಬ್ಬರಾದರೂ ಕೇಳಲಿ ಎಂಬ ಆಸೆ ನನಗೆ ಹಸಿವಿನ ಹಾಗೆ ಇತ್ತು.

ಬೀದಿಯ ಸಂಗೀತವೇ ಏಕೆ ಎಂದು ನೀವು ಕೇಳಬಹುದು. ಸಭೆಯ ಸಂಗೀತ ಬೆನ್ನು ನೆಟ್ಟಗೆ ಮಾಡಿ ಕೂರಲು ಹೇಳುತ್ತದೆ, ಬೀದಿಯದು ಹೋಗುತ್ತಿದ್ದವರನ್ನು ಒಂದು ನಿಮಿಷ ನಿಲ್ಲಿಸುತ್ತದೆ, ಅಷ್ಟೇ. ಲಾಗೋಸಿನ ಬಸ್ಸಿಗೆ ಜೋತುಬಿದ್ದು ಊರಿನ ಹೆಸರು ಕೂಗುವ ಕಂಡಕ್ಟರನ ಗಂಟಲಿಗೂ, ನಮ್ಮ ಸ್ಟ್ಯಾಂಡಿನಲ್ಲಿ "ಗುಬ್ಬಿ ಗುಬ್ಬಿ ನಿಟ್ಟೂರ್" ಎನ್ನುವವನ ಗಂಟಲಿಗೂ ತಾಳ ಒಂದೇ. ತೈವಾನಿನಲ್ಲಂತೂ ಕಸದ ಲಾರಿ ಪಿಯಾನೊದ ರಾಗ ಹಾಕಿಕೊಂಡು ಬರುತ್ತದಂತೆ. ಇದನ್ನು ಓದಿದ ದಿನವೇ ನನ್ನ ತಲೆ ಕೆಟ್ಟಿತು.

ನಮ್ಮ ಬೀದಿಯ ಕಸದ ಗಾಡಿ ಓಡಿಸುವವಳು ಮಂಜಮ್ಮ. ಸ್ವಚ್ಛತೆಯ ಒಂದೇ ಹಾಡನ್ನು ವರ್ಷಗಟ್ಟಲೆ ಹೊತ್ತು ತಿರುಗಿ ಅವಳೂ ರೋಸಿದ್ದಳು. "ಕಿವೀಲೇ ಕಸ ತುಂಬ್ಕೊಂಡೈತೆ ಕಣಣ್ಣ, ಬೇರೆ ಏನಾರ ಇದ್ರೆ ಕೊಡು" ಎಂದಳು. ನನ್ನದೊಂದು ಮಿಕ್ಸನ್ನು ಪೆನ್ ಡ್ರೈವಿಗೆ ಹಾಕಿ ಕೊಟ್ಟೆ. ಮರುದಿನ ಬೆಳಿಗ್ಗೆ ಮರಳೂರಿನ ಅಡ್ಡರಸ್ತೆಗಳಲ್ಲಿ ಕೈರೋ ಮೊಳಗಿತು. ನಾನು ಅಂಗಡಿಯ ಬಾಗಿಲಲ್ಲಿ ಮದುವೆ ಗಂಡಿನಂತೆ ಬೀಗುತ್ತಾ ನಿಂತೆ.

ಒಬ್ಬರೂ ಹೊರಗೆ ಬರಲಿಲ್ಲ. ನಮ್ಮ ಬೀದಿಯವರು ಗಾಡಿಯನ್ನು ಕಣ್ಣಿಂದ ಗುರುತಿಸುವವರೇ ಅಲ್ಲ. ಆ ಹಾಡು ಕಿವಿಗೆ ಬಿದ್ದರೆ ಕೈ ತಾನಾಗಿ ಬಕೆಟ್ಟಿಗೆ ಹೋಗುತ್ತದೆ, ಬೀಳದಿದ್ದರೆ ಇಲ್ಲ. ಕೆಲವರು ಸೀರೆ ಡಿಸ್ಕೌಂಟಿನ ಪ್ರಚಾರ ಎಂದುಕೊಂಡರು, ಉಳಿದವರು ಎಲೆಕ್ಷನ್ ಎಂದುಕೊಂಡು ಬಾಗಿಲನ್ನೇ ಹಾಕಿಕೊಂಡರು. ಮರುದಿನವೂ ಅದೇ ಕಥೆ. ಬೀದಿ ನಾರತೊಡಗಿತು, ಗಾಡಿಯೇ ಬರುತ್ತಿಲ್ಲವೆಂದು ದೂರು ಹೋಯಿತು, ಸೂಪರ್‌ವೈಸರು ಬೈಕಿನಲ್ಲಿ ಬಂದು ಮಂಜಮ್ಮನನ್ನು ನಮ್ಮ ಗೇಟಿನ ಮುಂದೆಯೇ ನಿಲ್ಲಿಸಿದರು.

"ಬೀದಿಯೋರೆಲ್ಲ ಗಾಡಿ ಬಂದೇ ಇಲ್ಲ ಅಂತವ್ರೆ. ನಾಳೆಯಿಂದ ಬೇರೆಯೋರು ಓಡಿಸ್ತಾರೆ, ನೀನು ಮನೇಲಿರು."

ಮಂಜಮ್ಮನ ಮುಖ ಕಪ್ಪಿಟ್ಟಿತು. ನಾನು ಓಡಿಹೋಗಿ ಪೆನ್ ಡ್ರೈವಿನ ಕಥೆ ಹೇಳಿದೆ.

"ಸುಮ್ನಿರಿ ಸಾರ್. ಕಸದ ಗಾಡೀಲಿ ಯಾರಾದ್ರೂ ಫಾರಿನ್ ಹಾಡು ಹಾಕ್ತಾರಾ? ನಂಬೋ ಹಂಗಾದ್ರೂ ಹೇಳಿ."

ಅಷ್ಟರಲ್ಲಿ ಅಮ್ಮ ತುಂಬಿದ ಬಕೆಟ್ ಹಿಡಿದು ಬಂದಳು. "ಬಂದಿತ್ತು ಕಣಪ್ಪ. ಎರಡು ದಿನಾನೂ ಗೇಟಿನ ಒಳಗೇ ನಿಂತು ಕೇಳಿದೀನಿ."

"ಮತ್ತೆ ಬಕೆಟ್ ತುಂಬೇ ಐತಲ್ಲಮ್ಮ?"

ಅಮ್ಮ ಸೆರಗು ಸರಿಮಾಡಿಕೊಂಡಳು. "ಕೇಳ್ತಾ ನಿಂತ್ಬುಟ್ಟೆ. ಗಾಡಿ ಮುಂದಕ್ಕೋಯ್ತು."

"ಏನು ಕೇಳಿದ್ರಿ? ಹೇಳಿ ನೋಡಣ."

ಅವಳು ಬಕೆಟ್ಟನ್ನು ನೆಲಕ್ಕಿಟ್ಟು, ಬಗ್ಗಿ, ಅದರ ಪಕ್ಕೆಗೆ ಬೆರಳಿಂದ ಬಡಿಯತೊಡಗಿದಳು. ಮೊದಲು ಕೈರೋದ ಕುಂಟು ತಾಳ. ಆಮೇಲೆ ಲಾಗೋಸಿನ ಡೋಲು, ನಿಧಾನವಾಗಿ ಏರುತ್ತಾ. ನಡುವೆ ತುತ್ತೂರಿಯನ್ನು ಬಾಯಲ್ಲೇ ಊದಿದಳು. ನಾನು ಹೊಲಿದ ಸರದಿ ಎಲ್ಲೂ ತಪ್ಪಲಿಲ್ಲ. ಮಂಜಮ್ಮ ಭಯ ಮರೆತು ನಕ್ಕಳು. ಸೂಪರ್‌ವೈಸರು ಹೋಗಿ ಗಾಡಿಯ ಸ್ಪೀಕರು ಹಾಕಿದರು. ಅಮ್ಮನ ಬೆರಳಿನ ಅದೇ ತಾಳ ಬೀದಿ ತುಂಬಿತು. "ಆಯ್ತು ಬುಡಿ" ಎಂದರು. "ಮಂಜಮ್ಮ, ನೀನೇ ಓಡ್ಸು. ನಾಳೆಯಿಂದ ಹಳೇ ಹಾಡು."

ಅಮ್ಮ ಬಕೆಟ್ಟನ್ನು ಗಾಡಿಗೆ ಸುರಿದು, ನನ್ನ ಮುಖ ನೋಡದೆ ಹೇಳಿದಳು:

"ಆ ಮೂರನೇದು, ತುತ್ತೂರಿ, ತೆಗ್ದಾಕು. ಡೋಲು ಚೆಂದಾಗಿ ಏರ್ತಾ ಇರ್ತದೆ, ಅಷ್ಟ್ರಲ್ಲಿ ಬಂದು ಕೆಡಿಸ್ತದೆ."

ರಾತ್ರಿ ಕೇಳಿ ನೋಡಿದೆ. ಅವಳು ಹೇಳಿದ್ದೇ ಸರಿ. ತೆಗೆದುಹಾಕಿದೆ.