ವಾಲಿದ ಜಗಲಿ

ಕೋಟೆ ನೋಡಲು ಬಂದವರು ಅರಮನೆ ಎಲ್ಲಿ ಎಂದು ಕೇಳುವ ಮೊದಲು ಊಟ ಎಲ್ಲಿ ಎಂದು ಕೇಳುತ್ತಾರೆ. ಒಳಗೆ ಊಟಕ್ಕಿರುವುದು ಎರಡೇ ದಾರಿ. ಮನೆಯಿಂದ ಬುತ್ತಿ ಕಟ್ಟಿಕೊಂಡು ಬರಬೇಕು, ಇಲ್ಲವೇ ನಮ್ಮಕ್ಕನ ಹತ್ತಿರ ಕೊಳ್ಳಬೇಕು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಉಪ್ಪು ಮೆಣಸು ಉದುರಿಸಿದ ಆಲೂಗಡ್ಡೆ, ಚಹಾ. ಭಾವ ತೀರಿಕೊಂಡಾಗಿನಿಂದ, ಹದಿನಾರು ವರ್ಷ, ಅವಳದು ಇದೇ ಕೆಲಸ. ಮಂಡಿ ನೋವಿನವಳು, ನೆಲದ ಮೇಲೆ ಕೂತರೆ ಏಳಲಾರಳು. ಅದಕ್ಕೇ ನಾನು ಮೊದಲ ವರ್ಷವೇ ಮರದ ನೆರಳಿನಲ್ಲಿ ಒಂದು ಕಲ್ಲುಜಗಲಿ ಕಟ್ಟಿಕೊಟ್ಟೆ.

ನಾನು ಅದೇ ಕೋಟೆಯ ಗೋಡೆ ರಿಪೇರಿ ಮಾಡುವ ಗಾರೆಯವನು. ಓದಿದ್ದು ನಾಲ್ಕನೇ ಕ್ಲಾಸು, ಸಿಟ್ಟು ಮಾತ್ರ ಡಿಗ್ರಿ ಮಾಡಿದವರಷ್ಟಿದೆ. ಜಗಲಿಗೆ ಹಾಕಿದ್ದು ಗೋಡೆಯಿಂದ ಬಿದ್ದ ಕಲ್ಲು. ಅದನ್ನು ಯಾರೂ ಮುಟ್ಟಬಾರದೆಂದು ನಿಯಮ. ಅವತ್ತು ಮೇಸ್ತ್ರಿಯ ಜೊತೆ ಜಗಳವಾಡಿ ಬಂದ ಸಿಟ್ಟಿನಲ್ಲಿ ಮಟ್ಟ ನೋಡದೆ ಕಟ್ಟಿದೆ. ಜಗಲಿ ಒಂದು ಕಡೆಗೆ ವಾಲಿತು.

"ಒಳ್ಳೇದಾಯ್ತು ಬಿಡೋ ತಮ್ಮ, ಮೊಟ್ಟೆ ತಾನೇ ಉರುಳ್ಕೊಂಡು ಗಿರಾಕಿ ಹತ್ರ ಹೋಗುತ್ತೆ," ಎಂದು ಅಕ್ಕ ಇಷ್ಟು ವರ್ಷವೂ ಆಡಿಕೊಂಡಳು.

ಕಳೆದ ವರ್ಷ ಕೋಟೆ ನೋಡಿಕೊಳ್ಳುವ ಇಲಾಖೆಗೆ ಹೊಸ ಸಾಹೇಬರು ಬಂದರು. ಕಂಡ ಕಲ್ಲನ್ನೆಲ್ಲ ಟೇಪು ಹಿಡಿದು ಅಳೆದು ಬರೆದುಕೊಂಡರು. ಒಂದು ಬೆಳಿಗ್ಗೆ ನೋಡಿದರೆ ನಮ್ಮ ಜಗಲಿಯ ಸುತ್ತ ಹಗ್ಗ, ಪಕ್ಕದಲ್ಲಿ ಬೋರ್ಡು: 'ಕಾವಲುಗಾರರ ಊಟದ ಕಟ್ಟೆ. ಪುರಾತನ. ಕೂರಬಾರದು.'

ಅಕ್ಕ ಬುಟ್ಟಿ ಹಿಡಿದು ನಿಂತಿದ್ದಳು.

"ಅಮ್ಮ, ನೀವಿನ್ನು ಗೇಟಿನ ಹೊರಗೆ ಮಾರ್ಕೊಳ್ಳಿ," ಎಂದರು ಸಾಹೇಬರು.

ಹೊರಗೆ ಸುಡುವ ಡಾಂಬರು, ಬಸ್ಸಿನ ಹೊಗೆ, ಆಗಲೇ ಮೂರು ತಳ್ಳುಗಾಡಿ. ಅಲ್ಲಿಗೆ ಹೋದರೆ ಅಕ್ಕನ ವ್ಯಾಪಾರ ಮುಗಿದ ಹಾಗೇ.

ಸಾಹೇಬರು ನನ್ನ ಕಡೆ ತಿರುಗಿದರು. "ಈ ಇಳಿಜಾರು ನೋಡಿದ್ಯಾ? ತೊಳೆದ ನೀರು ಹರಿದುಹೋಗ್ಲಿ ಅಂತ. ಈಗಿನ ಗಾರೆಯವರಿಗೆ ಈ ಬುದ್ಧಿ ಎಲ್ಲಿಂದ ಬರ್ಬೇಕು?"

ನನ್ನ ಕಿವಿ ಬಿಸಿಯಾಯಿತು. "ಸ್ವಾಮಿ, ಅದನ್ನ ಕಟ್ಟಿದ್ದು..."

ಅಕ್ಕ ನನ್ನ ಕಾಲು ತುಳಿದಳು. ಮಂಡಿ ನೋವಿನವಳ ಕಾಲಿನಲ್ಲಿ ಅಷ್ಟು ಬಲವಿದೆಯೆಂದು ಅವತ್ತೇ ಗೊತ್ತಾದದ್ದು. ನಿಜ ಹೇಳಿದ್ದರೆ ಜಗಲಿಯೇನೂ ವಾಪಸು ಬರುತ್ತಿರಲಿಲ್ಲ. ಕಲ್ಲು ಕದ್ದವನೆಂದು ನನ್ನ ಕೆಲಸವೂ ಹೋಗುತ್ತಿತ್ತು.

"ಕಟ್ಟಿದ್ದು ಯಾರೋ ಪುಣ್ಯಾತ್ಮ, ಬಿಡಿ ಸಾಹೇಬ್ರೆ," ಎಂದಳು ಅಕ್ಕ. "ಆದ್ರೆ ಊಟದ ಕಟ್ಟೆ ಅಂತ ಬರೆದ್ರೆ ಜನ ಊಟಕ್ಕೇ ಕೂರ್ತಾರೆ. ಏಳಿ ಅನ್ನೋರು ಒಬ್ರು ಬೇಡ್ವಾ?"

ಅವಳ ಮಾತು ಮುಗಿಯುವಷ್ಟರಲ್ಲಿ ಒಂದು ಸಂಸಾರ ಹಗ್ಗ ದಾಟಿ, ಚಾಪೆ ಹಾಸಿ, ಬೋರ್ಡಿಗೆ ಚೀಲ ನೇತುಹಾಕಿ ಬಾಳೆಹಣ್ಣು ಸುಲಿಯುತ್ತಿತ್ತು. ಸಾಹೇಬರು ಕೂಗಾಡಿದರು. ಯಜಮಾನ ಅವರಿಗೂ ಒಂದು ಹಣ್ಣು ಚಾಚಿದ.

"ಏಳ್ರಪ್ಪ, ರಾಜರ ಕಾಲದ ಕಲ್ಲದು," ಎಂದಳು ಅಕ್ಕ. ಕಲ್ಲೇನೋ ರಾಜರ ಕಾಲದ್ದೇ. ತಕ್ಷಣ ಎದ್ದರು. ಎದ್ದವರು ಅವಳ ಹತ್ತಿರ ನಾಲ್ಕು ಮೊಟ್ಟೆಯನ್ನೂ ಕೊಂಡರು.

ಹೀಗೆ ಅಕ್ಕ ಸಂಬಳವಿಲ್ಲದ ಕಾವಲುಗಾರ್ತಿಯಾದಳು. ಅದೇ ನೆರಳು, ಅದೇ ಬುಟ್ಟಿ. ಕಾವಲಿಗೆಂದು ಆಫೀಸಿನಿಂದ ಒಂದು ಕುರ್ಚಿ ಬಂತು, ನಾಲ್ಕು ಕಾಲೂ ಮಟ್ಟಸವಾಗಿರುವಂಥದ್ದು.

ಮರುದಿನ ಮಧ್ಯಾಹ್ನ ಹಳೆಯ ರೂಢಿಯಂತೆ ಹೋಗಿ ಜಗಲಿಯ ತುದಿಗೆ ಕೂತೆ.

"ಏಳೋ," ಎಂದಳು ಅಕ್ಕ, ಮೊಟ್ಟೆ ಸುಲಿಯುತ್ತಲೇ.

"ನಾನು ಕಟ್ಟಿದ್ದು ಕಣಕ್ಕ."

"ಮೆತ್ತಗೆ. ಯಾರಾದ್ರೂ ಕೇಳಿಸ್ಕೊಂಡ್ರೆ ನನ್ನ ಕುರ್ಚಿ ಹೋಗುತ್ತೆ."

ಅವತ್ತಿನಿಂದ ನಾನು ಊಟ ಮಾಡುವುದು ನಿಂತುಕೊಂಡೇ.