ಗ್ರಹಣಕ್ಕೆ ಚಂದ್ರನಾದ ನನ್ನ ಬೋಳುತಲೆ

ಮೋಡ ಕವಿಯಬಹುದಿತ್ತು. ಕಾರು ಪಂಕ್ಚರ್ ಆಗಬಹುದಿತ್ತು. ರಮ್ಯಾಗೆ ತಲೆ ಸುತ್ತಬಹುದಿತ್ತು. ಮಕ್ಕಳ ಅಪ್ಪಂದಿರು ಜಗಳಕ್ಕೆ ಬರಬಹುದಿತ್ತು. ಹುಟ್ಟುವ ಮಗುವಿಗೆ ಮುಂದೆಂದೋ ಒಂದು ನೆಗಡಿ ಬಂದರೂ ಅದಕ್ಕೆ ನಾನೇ ಕಾರಣನಾಗಬಹುದಿತ್ತು.

ರಮ್ಯಾ ನನ್ನ ಅಕ್ಕನ ಮಗಳು. ತುಂಬು ಬಸುರಿ. ಹೆಮ್ಮಿಗೆ ಊರಿನ ಹತ್ತಿರದ ಶಾಲೆಯಲ್ಲಿ ಸೈನ್ಸ್ ಟೀಚರ್. ಮಕ್ಕಳಿಗೆ ಚಂದ್ರಗ್ರಹಣ ತೋರಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದಳು. ನಂಜನಗೂಡಿನ ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೆಲ್ಲ ದರ್ಭೆ ಹಾಕುತ್ತಿದ್ದ ಅಕ್ಕ ನನ್ನ ಕಡೆ ತಿರುಗಿದಳು. "ಅವಳಂತೂ ಮಾತು ಕೇಳಲ್ಲ. ನೀನಾದ್ರೂ ಜೊತೇಲಿರು. ಹೆಚ್ಚುಕಮ್ಮಿ ಆದ್ರೆ ನಿನ್ನನ್ನೇ ಕೇಳೋದು."

ಹೋದೆ. (ಜೇಬಿನಲ್ಲಿ ಒಂದೆಳೆ ದರ್ಭೆ ಇತ್ತು. ವಿಚಾರವಾದಿಗಳು ಕ್ಷಮಿಸಬೇಕು.)

ಶಾಲೆಯ ಬಯಲಿನಲ್ಲಿ ಮಕ್ಕಳು ಸೇರಿದ್ದರು. ಸೂರ್ಯ ಇನ್ನೂ ಒಂದಾಳೆತ್ತರದಲ್ಲಿದ್ದ. ರಮ್ಯಾ ಅವನಿಗೆ ಬೆನ್ನು ಮಾಡಿ, ಹೊಟ್ಟೆ ಹಿಡಿದು ನಿಂತಳು. "ನಾನು ಭೂಮಿ. ನಮ್ಮ ಮಾವ ಚಂದ್ರ. ಕಲೆಗಳೂ ಇವೆ, ನೋಡ್ಕೊಳ್ಳಿ."

ಅವಳ ನೆರಳು ನನ್ನ ಬೋಳುತಲೆಯ ಮೇಲೆ ಬಿತ್ತು. ಚಂದ್ರಗ್ರಹಣ! ರಾತ್ರಿ ಇರುವ ಕಡೆಯವರಿಗೆಲ್ಲ ಕಾಣುತ್ತದೆ. ಆಮೇಲೆ ನನ್ನನ್ನು ಸೂರ್ಯನಿಗೂ ಅವಳಿಗೂ ನಡುವೆ ನಿಲ್ಲಿಸಿದಳು. ನನ್ನ ತಲೆಯ ನೆರಳು ಅವಳ ಸೀರೆಯ ಮೇಲೆ ಅಷ್ಟೇ ಅಷ್ಟು. ಸೂರ್ಯಗ್ರಹಣ! ಆ ನೆರಳು ಬಿದ್ದಲ್ಲಿಯವರಿಗೆ ಮಾತ್ರ ಕಾಣುತ್ತದೆ.

"ಹಂಗಾದ್ರೆ ಪ್ರತಿ ಹುಣ್ಣಿಮೆ ಯಾಕ್ ಹಿಡಿಯಲ್ಲ ಮಿಸ್?"

"ಮಾವ, ಮೊದಲಿನ ಜಾಗಕ್ಕೆ ಬನ್ನಿ. ಬಗ್ಗಿ. ಪಕ್ಕಕ್ಕೆ, ಇನ್ನೂ ಬಗ್ಗಿ." ಬಗ್ಗಿದೆ. ಬಿಸಿಲು ನೆತ್ತಿಗೆ ಬಡಿಯಿತು. ಚಂದ್ರನ ದಾರಿ ಸ್ವಲ್ಪ ಓರೆಯಂತೆ, ಬಹಳ ಸಲ ನೆರಳು ತಪ್ಪಿಸಿಕೊಂಡು ಹೋಗುತ್ತಾನಂತೆ. ಇಷ್ಟು ವರ್ಷ ಇದು ನನಗೇಕೆ ಅರ್ಥವಾಗಿರಲಿಲ್ಲ?

ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು ಮೊಮ್ಮಗಳ ಕೈ ಹಿಡಿದೆಳೆಯಿತು. ರಮ್ಯಾಳನ್ನು ನೋಡಿ ನಿಂತುಬಿಟ್ಟಿತು.

"ಅಲ್ಲ ಕಣವ್ವ, ಬಸುರಿ ಎಂಗ್ಸು, ಒಳಗಿರದು ಬುಟ್ಟು ಬಯಲ್ಗೆ ಬಂದಿದ್ದೀಯಲ್ಲ! ನೀವೇನ್ಸಾ, ದೊಡ್ಡೋರು, ಬುದ್ಧಿ ಏಳದಲ್ವಾ?"

(ಬಗ್ಗಿದ್ದ ಚಂದ್ರ ಮೆಲ್ಲಗೆ ನೆಟ್ಟಗಾದ.)

ಒಂದು ಮಗು ಹೊರಟರೆ ಎಲ್ಲವೂ ಹೊರಡುತ್ತವೆ. ಆದರೆ ರಮ್ಯಾ ವಾದ ಮಾಡಲಿಲ್ಲ. "ನಂಗೂ ಭಯ ಇತ್ತು ಅಜ್ಜಿ. ಡಾಕ್ಟರನ್ನ ಕೇಳ್ಕೊಂಡೇ ಬಂದೆ. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ, ಧೈರ್ಯವಾಗಿರುತ್ತೆ."

ಅಜ್ಜಿ ಮೊಮ್ಮಗಳ ಕೈ ಬಿಟ್ಟಿತು. ಸೆರಗು ಸಿಕ್ಕಿಸಿ, ರಮ್ಯಾಳ ಕೈ ಹಿಡಿದು ನಿಂತಿತು. ಒಂದು ಮಗುವೂ ಅಲುಗಲಿಲ್ಲ. ಭಯವನ್ನು ಒಪ್ಪಿಕೊಂಡೇ ಗೆಲ್ಲುವುದನ್ನು ಈ ಹುಡುಗಿ ಎಲ್ಲಿ ಕಲಿತಳೋ! ನಮ್ಮ ಮನೆಯಲ್ಲಂತೂ ಅಲ್ಲ.

ಸೂರ್ಯ ಮುಳುಗಿದ. ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುತ್ತದೆ, ನಮಗೆ ಸಿಗುವುದು ಹತ್ತು ನಿಮಿಷದ ಬಾಲ ಮಾತ್ರ ಎಂದಳು ರಮ್ಯಾ. "ಪೂರ್ವದ ದೇಶದವರಿಗೆ ಪೂರ್ತಿ ಸಿನಿಮಾ. ನಮಗೆ ಕ್ಲೈಮ್ಯಾಕ್ಸ್."

ಎಲ್ಲರೂ ಪೂರ್ವಕ್ಕೆ ತಿರುಗಿದರು. ನಾನು ರಮ್ಯಾಳ ಕಡೆ ತಿರುಗಿದೆ. ಎಷ್ಟು ಹೊತ್ತಿನಿಂದ ನಿಂತೇ ಇದ್ದಾಳೆ! ಕಾಲು ಊದಿದ್ದರೆ? ಕುಸಿದರೆ? ಸ್ಟಾಫ್ ರೂಮಿಗೆ ಓಡಿದೆ. ಕತ್ತಲಲ್ಲಿ ಸ್ವಿಚ್ ಸಿಗಲಿಲ್ಲ. ಸಿಕ್ಕ ಮೊದಲ ಕುರ್ಚಿಗೆ ಕಾಲೇ ಸರಿಯಿರಲಿಲ್ಲ. ಹೊರಗೆ ಮಕ್ಕಳ "ಹೋ" ಕೇಳಿಸಿತು. ಗಟ್ಟಿ ಕುರ್ಚಿಯೊಂದನ್ನು ಹುಡುಕಿ, ಹೊತ್ತುಕೊಂಡು ಏದುಸಿರು ಬಿಡುತ್ತಾ ಬಂದೆ.

ತೋಟದ ಮೇಲೆ ತುಂಬುಚಂದ್ರ, ಒಂದು ಗೀರೂ ಇಲ್ಲದೆ.

"ಗ್ರಹಣ ಬುಡ್ತು ಕಣ್ಸಾ," ಎಂದಿತು ಅಜ್ಜಿ. "ಟೀಚರಮ್ಮ ಚೆನ್ನಾಗವ್ರೆ. ಕುರ್ಚೀಲಿ ನೀವೇ ಕೂತ್ಕಳಿ."

ಜಪಾನು, ಆಸ್ಟ್ರೇಲಿಯಾ, ಹೆಮ್ಮಿಗೆ ಎಲ್ಲ ಕಡೆ ಕಂಡ ಗ್ರಹಣ ಸ್ಟಾಫ್ ರೂಮಿನಲ್ಲಿ ಮಾತ್ರ ಗೋಚರಿಸಲಿಲ್ಲ.